ಸೊಳ್ಳೆ ಮೇಷ್ಟ್ರು ಮತ್ತು ನಮ್ಮ ಅಟ್ಟ

ಅವರಿಗೆ ಗೊತ್ತಿತ್ತು. ಔಷಧಿಗೆ ಸೊಳ್ಳೆ ಸಾಯುತ್ತಿಲ್ಲ ಎನ್ನುವುದು ನಮ್ಮೂರಿನಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದೇ ಅವರಿಗೆ, ಅದೂ ನಮ್ಮ ಕೊಟ್ಟಿಗೆಯ ಸೊಳ್ಳೆಯಿಂದ. ಗೊತ್ತಿದ್ದೂ ಎರಡು ವರ್ಷ ನನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದರು. ನಡೆದದ್ದು ಇಷ್ಟೇ.

ಸೊಳ್ಳೆ ಮೇಷ್ಟ್ರು ತೀರಿಕೊಂಡರು ಅಂತ ಹೋದ ವಾರ ಕಿಬ್ಬನಹಳ್ಳಿಯಿಂದ ಬಂದ ನೆಂಟರು ಹೇಳಿದರು. ಜಗಲಿಯ ಮೇಲೆ ಕೂತಿದ್ದವರೆಲ್ಲ, ಒಳ್ಳೆಯ ಮನುಷ್ಯ, ಯಾರ ಮನೆಯಿಂದಲೂ ಒಂದು ಕಾಯಿ ಮುಟ್ಟಿದವರಲ್ಲ ಅಂದರು. ಅದು ನಿಜ. ಒಮ್ಮೆ ನಾನು ಬಲವಂತವಾಗಿ ಸೈಕಲ್ಲಿಗೆ ಎರಡು ಎಳನೀರು ಕಟ್ಟಿ ಕಳಿಸಿದ್ದಕ್ಕೆ, ಮುಂದಿನ ತಿಂಗಳು ಎರಡು ಸೌತೆಕಾಯಿ ತಂದು ನಮ್ಮ ಬಾಗಿಲಲ್ಲಿಟ್ಟು ಹೋದ ಮನುಷ್ಯ. ಅಂಥವರು ಸುಳ್ಳು ಹೇಳುತ್ತಾರೆ ಅಂತ ಯಾರು ಎಣಿಸುತ್ತಾರೆ? ನಾನು ಎಣಿಸಲಿಲ್ಲ. ಓದಿದ್ದು ನಾಲ್ಕನೇ ಕ್ಲಾಸು, ಆದರೂ ಅವರ ಒಳ್ಳೆಯದನ್ನೂ ಬಿಡದೆ, ಮಾಡಿದ್ದನ್ನೂ ಬಿಡದೆ ಬರೆದಿಡುತ್ತೇನೆ.

ಮಲೇರಿಯಾ ಕೆಲಸಕ್ಕೆಂದು ಸರ್ಕಾರದಿಂದ ನಮ್ಮ ಕಡೆಗೆ ಬರುತ್ತಿದ್ದವರಲ್ಲಿ ಮೂರು ತರ. ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವವರು ಒಬ್ಬರು. ಗೋಡೆಗೆ ಡಿಡಿಟಿ ಹೊಡೆಯುವ ಪಂಪಿನವರು ಇನ್ನೊಂದು ತಂಡ. ಇವರು ಎರಡೂ ಅಲ್ಲ. ಇವರ ಕೆಲಸ ಸೊಳ್ಳೆ ಹಿಡಿಯುವುದು. ಊರಿನಲ್ಲಿ ಸೊಳ್ಳೆ ಮೇಷ್ಟ್ರು ಅಂತಲೇ ಹೆಸರು. ಸಣಕಲು ಆಳು, ಗಂಟಲ ಮೂಳೆ ಎದ್ದು ಕಾಣುತ್ತಿತ್ತು, ಖಾಕಿ ಅಂಗಿ, ಸೈಕಲ್ಲಿನ ಹಿಂದೆ ಮರದ ಒಂದು ಪೆಟ್ಟಿಗೆ. ತಿಂಗಳಿಗೊಂದು ದಿನ, ನಾನು ಹಾಲು ಕರೆಯಲು ಕೂರುವ ಹೊತ್ತಿಗೆ ಸರಿಯಾಗಿ ಕೊಟ್ಟಿಗೆಯ ಬಾಗಿಲಲ್ಲಿ ಕೆಮ್ಮುತ್ತಿದ್ದರು. ಕೆಮ್ಮಿದ ಮೇಲೇ ಒಳಗೆ ಕಾಲಿಡುವುದು. ಎಡಗೈಯಲ್ಲಿ ಬ್ಯಾಟರಿ, ಬಲಗೈಯಲ್ಲಿ ಗಾಜಿನ ಕೊಳವೆ, ಕೊಳವೆಯ ಬಾಲಕ್ಕೆ ರಬ್ಬರ್ ಪೈಪು, ಪೈಪಿನ ತುದಿ ಅವರ ಬಾಯಲ್ಲಿ. ಬಿದ್ದ ಸೂಜಿ ಹುಡುಕುವವರ ಹಾಗೆ ಗೋಡೆಯುದ್ದಕ್ಕೂ ಬೆಳಕು ಬಿಡುತ್ತಾ ಹೋಗುವರು. ಸೊಳ್ಳೆ ಕಂಡರೆ ಕೊಳವೆಯನ್ನು ಅದರ ಮೇಲೆ ಹಿಡಿದು ಒಂದೇ ಉಸಿರು ಎಳೆದುಕೊಳ್ಳುವರು. ಸೊಳ್ಳೆ ಕೊಳವೆಯೊಳಗೆ.

ಮೊದಲ ದಿನ ನಮ್ಮ ಅತ್ತೆ ಇದನ್ನು ನೋಡಿ ನನ್ನನ್ನು ಪಕ್ಕಕ್ಕೆ ಕರೆದು, ಇವನು ಸೊಳ್ಳೆ ಕುಡಿಯುವವನು ಕಣೇ, ನಮ್ಮ ಲೋಟದಲ್ಲಿ ಕಾಫಿ ಕೊಡಬೇಡ ಅಂದರು. ಮೇಷ್ಟ್ರ ಕಿವಿಗೂ ಬಿತ್ತು. ನಡುವೆ ಬಲೆ ಬಟ್ಟೆ ಇದೆ, ಬಾಯಿಗೆ ಬರುವುದಿಲ್ಲ ಅಂತ ಅವರು ಕೊಳವೆ ತೋರಿಸಿ ಹೇಳಿದರು.

"ಬಂದ್ರೆ?" ಅಂದರು ನಮ್ಮತ್ತೆ.

"ಬಂದ್ರೆ ಉಗೀತೀನಿ ಬುಡಿ ಅಜ್ಜಿ. ನಂಗೇನು ಅದನ್ನ ತಿನ್ನಕ್ಕೆ ಸಂಬಳ ಕೊಡ್ತಾರಾ?"

ಅತ್ತೆ ನಕ್ಕುಬಿಟ್ಟರು. ಲೋಟ ಮಾತ್ರ ಕೊನೆಯವರೆಗೂ ಬೇರೆಯೇ ಇತ್ತು.

ಮಾತಾಡುವ ಮುಂಚೆ ಪೈಪಿನ ತುದಿಯನ್ನು ಕರವಸ್ತ್ರದಿಂದ ಒರೆಸಿಕೊಳ್ಳುವುದು ಅವರ ಅಭ್ಯಾಸ. ಸಾಮಾನ್ಯದ ಮಾತಿಗೆ ಒಂದು ಸಲ. ಹೇಳಲು ಮನಸ್ಸಿಲ್ಲದ ಮಾತಿಗೆ ಮೂರು ನಾಲ್ಕು ಸಲ. ಇದು ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ.

ಮಲೇರಿಯಾ ತರುವ ಸೊಳ್ಳೆಯನ್ನು ಗುರುತಿಸಲು ನನಗೆ ಕಲಿಸಿದ್ದು ಅವರೇ. ಬೇರೆ ಸೊಳ್ಳೆ ಬೆನ್ನು ಗೂನು ಮಾಡಿಕೊಂಡು ಕೂರುತ್ತದೆ. ಇದು ಗೋಡೆಗೆ ಓರೆಯಾಗಿ ಹೊಡೆದ ಮೊಳೆಯ ಹಾಗೆ, ಬಾಲ ಮೇಲೆತ್ತಿ ಕೂರುತ್ತದೆ. ಕಚ್ಚಿ ಹೊಟ್ಟೆ ತುಂಬಿದ ಮೇಲೆ ಭಾರಕ್ಕೆ ಹಾರಲಾಗದೆ ಹತ್ತಿರದ ಗೋಡೆಯಲ್ಲೋ ಸೂರಿನಲ್ಲೋ ಕೂತು ಸುಧಾರಿಸಿಕೊಳ್ಳುತ್ತದೆ. ಗೋಡೆಗೆ ಡಿಡಿಟಿ ಹೊಡೆಯುವುದು ಅದಕ್ಕೇ, ಕೂತ ಕಾಲಿಗೆ ವಿಷ ಹತ್ತಲಿ ಅಂತ.

ನಮ್ಮ ಸೀಮೆಯಲ್ಲಿ ತೊಡಕಾದದ್ದು ಅಟ್ಟ. ಮರದಿಂದ ಇಳಿಸಿದ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹನ್ನೊಂದು ತಿಂಗಳು ಅದನ್ನು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗಲೇ ಅದು ಕೊಬ್ಬರಿ. ನಡುವೆ ಇಳಿಸಿ ಎತ್ತಾಡಿದರೆ ತಿರುಳು ಬಿರಿದು ಕೌಟು ವಾಸನೆ ಬರುತ್ತದೆ, ತಿಪಟೂರಿನ ಮಂಡಿಯಲ್ಲಿ ಮೂಸಿ ನೋಡಿ ಪಕ್ಕಕ್ಕೆ ತಳ್ಳುತ್ತಾರೆ. ಹಾಗಾಗಿ ಪಂಪಿನವರು ಬಂದಾಗ ಗೋಡೆಗೆ ಹೊಡೆಸಿಕೊಂಡು, ಅಟ್ಟದ ಕಡೆ ಕೈ ತೋರಿಸಿದರೆ ಎಲ್ಲರ ಮನೆಯಲ್ಲೂ ಬೇಡ ಅನ್ನುತ್ತಿದ್ದರು. ಸೊಳ್ಳೆ ಹೋಗಿ ಕೂರುತ್ತಿದ್ದದ್ದು ಅಲ್ಲೇ. ಕತ್ತಲೆ, ತಂಪು, ಔಷಧಿ ಇಲ್ಲ.

"ನಿಮ್ಮ ಅಟ್ಟಾನೇ ಅದಕ್ಕೆ ಛತ್ರ ಕಣಮ್ಮ" ಅಂದರು ಮೇಷ್ಟ್ರು. "ಒಂದು ಮನೆಯವ್ರು ಇಳಿಸಿ ತೋರ್ಸಿದ್ರೆ ಬೀದಿಯವ್ರೂ ಇಳಿಸ್ತಾರೆ."

ಆ ವರ್ಷ ಊರಲ್ಲಿ ಚಳಿಜ್ವರ ಮನೆಗೊಬ್ಬರಂತೆ ಹಾಸಿಗೆ ಹಿಡಿಸಿತ್ತು. ಇಳಿಸಿದರೆ ಜ್ವರ ನಿಲ್ಲುತ್ತದಾ ಅಂತ ಕೇಳಿದೆ. ನಿಲ್ಲುತ್ತದೆ ಅಂದರು. ಆಗ ಅವರು ಪೈಪು ಒರೆಸಿದ್ದು ಒಂದೇ ಸಲ, ಆ ಮಾತು ಆಗ ನಿಜವೇ ಆಗಿತ್ತು.

ಅಟ್ಟ ಇಳಿಸಿದೆ. ಐದು ತಿಂಗಳ ಕಾಯಿ, ತೋಟದ ಗುಡಿಸಲಿಗೆ ಹೊರಿಸಿದೆ. ಯಜಮಾನರು ಎರಡು ದಿನ ಮಾತು ಬಿಟ್ಟರು. ಎದುರು ಮನೆಯ ಸಿದ್ದಮ್ಮ ಬೀದಿಗೆಲ್ಲ ಕೇಳುವ ಹಾಗೆ, "ಏನಕ್ಕಾ, ಸೊಳ್ಳೆ ಮೇಷ್ಟ್ರು ಹೇಳಿದ್ರೆ ನಾಳೆ ಹೆಂಚೂ ಇಳಿಸ್ತೀಯೇನೋ" ಅಂದಳು. ಅರ್ಧಕ್ಕರ್ಧ ಕೊಬ್ಬರಿ ಕೌಟಾಯಿತು. ಆದರೆ ಜ್ವರ ಇಳಿಯಿತು. ಅದನ್ನು ಇಲ್ಲ ಅನ್ನುವುದಿಲ್ಲ. ಮುಂದಿನ ಸಲ ಸಿದ್ದಮ್ಮನೂ ಇಳಿಸಿದಳು. ಅವಳು ಇಳಿಸಿದ ಮೇಲೆ ಉಳಿದವರಿಗೆ ಬೇರೆ ದಾರಿ ಇರಲಿಲ್ಲ, ಅವಳ ಬಾಯಿ ಅಂಥದ್ದು. ಮುಂಗಾರಿಗೆ ಮುಂಚೆ ಒಂದು ಸಲ, ಗೌರಿ ಹಬ್ಬದ ಆಸುಪಾಸಿನಲ್ಲಿ ಇನ್ನೊಂದು ಸಲ, ನಮ್ಮ ಬೀದಿಯ ಅಷ್ಟೂ ಅಟ್ಟ ಖಾಲಿಯಾಗಿ ಬೆಳ್ಳಗಾಗುತ್ತಿತ್ತು. ಎಲ್ಲ ನನ್ನ ಮಾತಿನ ಮೇಲೆ. ನಾನು ಮೇಷ್ಟ್ರ ಮಾತಿನ ಮೇಲೆ.

ಮೇಷ್ಟ್ರು ಸೊಳ್ಳೆ ಹಿಡಿಯುತ್ತಿದ್ದದ್ದು ಬರೀ ಎಣಿಸಲು ಅಲ್ಲ. ನಮ್ಮ ಪಡಸಾಲೆಯಲ್ಲಿ ಪೆಟ್ಟಿಗೆ ಬಿಚ್ಚಿ ಎರಡು ದಪ್ಪ ಕೊಳವೆ ಇಡುವರು. ಒಂದರ ಒಳಗೋಡೆಗೆ ಡಿಡಿಟಿ ಹಚ್ಚಿದ ಕಾಗದ. ಇನ್ನೊಂದಕ್ಕೆ ಬರೀ ಎಣ್ಣೆ ಹಚ್ಚಿದ ಕಾಗದ. ಎರಡಕ್ಕೂ ಇಪ್ಪತ್ತೋ ಇಪ್ಪತ್ತೈದೋ ಸೊಳ್ಳೆ ಬಿಟ್ಟು ಒಂದು ಗಂಟೆ ಕಾಯುವರು. ಆಮೇಲೆ ಕಾಗದವಿಲ್ಲದ ಕೊಳವೆಗೆ ಅವನ್ನು ದಾಟಿಸಿ, ಒದ್ದೆ ಬಟ್ಟೆ ಸುತ್ತಿ, ನಮ್ಮ ದೇವರ ಮನೆಯ ಪಕ್ಕದ ತಂಪು ಮೂಲೆಯಲ್ಲಿಟ್ಟು, ಮಾರನೆಯ ದಿನ ಬಂದು ಸತ್ತದ್ದೆಷ್ಟು, ಬದುಕಿದ್ದೆಷ್ಟು ಅಂತ ಬರೆದುಕೊಳ್ಳುವರು. ಔಷಧಿಯೇ ಇಲ್ಲದ ಕೊಳವೆ ಯಾಕೆ ಅಂತ ಒಂದು ಸಲ ಕೇಳಿದೆ.

"ಸುಮ್ನೆ ಸತ್ತಿದ್ದೆಷ್ಟು ಅಂತಾನೂ ಗೊತ್ತಾಗ್ಬೇಕಲ್ಲಮ್ಮ. ಇಲ್ದಿದ್ರೆ ಔಷಧಿಗೆ ಇಲ್ಲದ ಹೆಸರು ಬರ್ತದೆ" ಅಂದರು. ಈ ಮಾತು ಕೇಳಿದ ಮೇಲೇ ನಾನು ಅವರನ್ನು ಪೂರ್ತಿ ನಂಬಿದ್ದು. ಸೊಳ್ಳೆಯ ಲೆಕ್ಕದಲ್ಲೂ ಅನ್ಯಾಯ ಆಗಬಾರದು ಅನ್ನುವ ಮನುಷ್ಯ ಅಂತ.

ಮೊದಲ ವರ್ಷ ಬೆಳಿಗ್ಗೆ ನೋಡಿದರೆ ಔಷಧಿ ಕೊಳವೆಯ ಸೊಳ್ಳೆಯೆಲ್ಲ ಕಾಲು ಮೇಲೆ ಮಾಡಿ ಬಿದ್ದಿರುತ್ತಿದ್ದವು. ಎರಡನೇ ವರ್ಷ ಒಂದೆರಡು ಗಾಜು ಹಿಡಿದು ಕೂತಿದ್ದವು. ಆ ದಿನ ನಾನು, ಏನು ಮೇಷ್ಟ್ರೇ, ಇವಕ್ಕೆ ವಿಷ ರೂಢಿಯಾಯಿತಾ ಅಂತ ಕೇಳಿದೆ. ನಾವು ಸಾರಿಗೆ ದಿನಾ ಒಂದಿಷ್ಟು ಖಾರ ಹೆಚ್ಚಿಸಿದರೆ ನಾಲಿಗೆ ಒಗ್ಗುತ್ತದಲ್ಲ, ಹಾಗೆ ಅಂತ ನನ್ನ ಎಣಿಕೆ. ಅವರಿಗೆ ಇಂಥ ಪ್ರಶ್ನೆ ಅಂದರೆ ಸಡಗರ. ಮೆಟ್ಟಿಲ ಮೇಲೆ ಕೂತು ಹೇಳಿದರು. ಒಂದು ಸೊಳ್ಳೆ ತನ್ನ ಜೀವಮಾನದಲ್ಲಿ ರೂಢಿ ಮಾಡಿಕೊಳ್ಳುವುದಿಲ್ಲ. ಅದಕ್ಕೆ ಅಷ್ಟು ಆಯಸ್ಸೇ ಇಲ್ಲ. ಎಲ್ಲೋ ಸಾವಿರದಲ್ಲಿ ಒಂದಕ್ಕೆ, ಔಷಧಿ ಬರುವ ಮುಂಚಿನಿಂದಲೇ, ವಿಷವನ್ನು ಹೊಟ್ಟೆಯೊಳಗೇ ಮುರಿದು ಹಾಕುವ ಗುಣ ಹುಟ್ಟಿನಿಂದ ಇರುತ್ತದೆ. ಔಷಧಿ ಹೊಡೆದಾಗ ಉಳಿದವೆಲ್ಲ ಸಾಯುತ್ತವೆ, ಅದು ಉಳಿಯುತ್ತದೆ. ಮೊಟ್ಟೆ ಇಡುವುದು ಉಳಿದದ್ದೇ ತಾನೇ. ಆ ಗುಣ ತಾಯಿಯ ಕಡೆಯಿಂದ ಒಂದು ಪಾಲು, ತಂದೆಯ ಕಡೆಯಿಂದ ಒಂದು ಪಾಲು ಬರುತ್ತದೆ. ಒಂದೇ ಪಾಲು ಬಂದದ್ದು, ಹೊಸದಾಗಿ ಹೊಡೆದ ಗೋಡೆಯಲ್ಲಿ ಕೂತರೆ ಸಾಯುತ್ತದೆ, ಹಳೆಯದಾಗಿ ಬಲ ಕುಂದಿದ ಗೋಡೆಯಲ್ಲಿ ಬದುಕಿಕೊಳ್ಳುತ್ತದೆ. ಅಂಥವೆರಡು ಕೂಡಿದರೆ ಮರಿಗಳಲ್ಲಿ ಕೆಲವಕ್ಕೆ ಎರಡೂ ಪಾಲು. ಅವಕ್ಕೆ ಡಿಡಿಟಿ ಅಂದರೆ ಗೋಡೆಗೆ ಬಳಿದ ಸುಣ್ಣ.

ನನಗೆ ಥಟ್ಟನೆ ತಿಳಿಯಿತು. ನಾವು ಬಿತ್ತನೆ ಕಾಯಿ ತೆಗೆಯುವುದೂ ಹಾಗೇ. ಮಳೆ ಕೈಕೊಟ್ಟ ವರ್ಷ ಯಾವ ಮರ ಗೊನೆ ಉದುರಿಸದೆ ನಿಂತಿತೋ ಅದರ ಕಾಯಿಯನ್ನೇ ಮೊಳಕೆಗೆ ಇಡುತ್ತೇವೆ. ಅಜ್ಜನ ಕಾಲದಿಂದ ಹಾಗೆ ಇಟ್ಟೂ ಇಟ್ಟೂ ತೋಟ ಗಟ್ಟಿಯಾಗಿದೆ.

"ಹಂಗಾದ್ರೆ ಮೇಷ್ಟ್ರೇ, ನೀವು ವರ್ಷಕ್ಕೆರಡು ಸಲ ಔಷಧಿ ಹೊಡ್ಸಿ ಸೊಳ್ಳೆಗೆ ಬಿತ್ತನೆ ಆರಿಸಿ ಕೊಟ್ಟು ಹೋಗ್ತಿದ್ದೀರಿ" ಅಂದೆ.

ಅವರು ನಗಲಿಲ್ಲ. ಪೈಪಿನ ತುದಿ ಒರೆಸಿದರು, ಮತ್ತೆ ಒರೆಸಿದರು. ಅದೆಲ್ಲ ಬೇರೆ ರಾಜ್ಯಗಳಲ್ಲಿ ಕಣಮ್ಮ, ನಮ್ಮ ಕಡೆ ಇನ್ನೂ ಬಂದಿಲ್ಲ, ಈ ಸಲದ ಕಾಗದ ಹಳೆಯದು, ಬಲ ಹೋಗಿದೆ, ಅಂದರು.

ಅದಾದ ಮೇಲೆ ಅವರು ನಮ್ಮ ಮನೆಯಲ್ಲಿ ಕೊಳವೆ ಇಡುವುದನ್ನು ಬಿಟ್ಟರು. ಎಣಿಕೆಯನ್ನು ಇನ್ನು ಕಿಬ್ಬನಹಳ್ಳಿಯ ನಮ್ಮ ಮನೆಯಲ್ಲೇ ಮಾಡುತ್ತೇನೆ, ನಿಮಗೆ ಯಾಕೆ ತೊಂದರೆ ಅಂದರು. ತೊಂದರೆ ಏನಿತ್ತು? ಒಂದು ಮೂಲೆ. ಆದರೂ ನಾನು ಒಳ್ಳೆಯ ಮನುಷ್ಯ, ಸಂಕೋಚ ಅಂದುಕೊಂಡೆ. ಅಟ್ಟ ಇಳಿಸುವುದನ್ನು ಬಿಡಲಿಲ್ಲ.

ಅದಾಗಿ ಎರಡು ವರ್ಷಕ್ಕೆ, ಗೌರಿ ಹಬ್ಬ ಕಳೆದ ಮೇಲೆ, ಮಗಳು ಮೊದಲ ಹೆರಿಗೆಗೆ ಹುಳಿಯಾರಿನಿಂದ ಬಂದಳು. ಆಗ ಅವಳಿಗೆ ಏಳು ತಿಂಗಳು. ಮನೆಯಲ್ಲಿ ಸೊಳ್ಳೆ ಗುಂಯ್ ಅನ್ನುತ್ತಿದ್ದವು, ಒಂದು ಪರದೆ ತರಿಸಮ್ಮ ಅಂದಳು. ನಾನು ಮೇಷ್ಟ್ರನ್ನು ಕೇಳಿದೆ. ಕೇಳದೆ ತರಿಸಿದ್ದರೆ ಮುಗಿಯುತ್ತಿತ್ತು. ಆ ತಪ್ಪು ನನ್ನದು, ಬೇರೆಯವರ ತಲೆಗೆ ಕಟ್ಟುವುದಿಲ್ಲ.

ಮೇಷ್ಟ್ರು ಆವತ್ತು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಪೈಪಿನ ತುದಿ ಎಷ್ಟು ಸಲ ಒರೆಸಿದರೋ.

"ಔಷಧಿ ಹೊಡೆದು ಹದಿನೈದು ದಿನಾನೂ ಆಗಿಲ್ಲ. ಪರದೆ ಯಾಕಮ್ಮ, ಬೇಡ ಬುಡಿ" ಅಂದರು.

ಬಿಟ್ಟೆ.

ಇಪ್ಪತ್ತು ದಿನಕ್ಕೆ ಮಗಳಿಗೆ ನಡುಕ ಶುರುವಾಯಿತು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ಒಂದು ದಿನ ಬಿಟ್ಟು ಒಂದು ದಿನ, ಹೇಳಿಟ್ಟ ಹಾಗೆ ಅದೇ ಹೊತ್ತಿಗೆ. ರಕ್ತ ತೆಗೆದುಕೊಂಡು ಹೋದವರಿಂದ ಉತ್ತರವಿಲ್ಲ, ಆಸ್ಪತ್ರೆಯಲ್ಲಿ ಮಲೇರಿಯಾದ ಕಹಿ ಮಾತ್ರೆ ಮುಗಿದಿತ್ತು. ಮೇಷ್ಟ್ರ ಹತ್ತಿರ ಇದ್ದೇ ಇರುತ್ತದೆ ಅಂತ ನಾನೇ ಬಸ್ಸು ಹತ್ತಿ ಕಿಬ್ಬನಹಳ್ಳಿಗೆ ಹೋದೆ. ಅವರ ಮನೆಗೆ ಹೋದದ್ದು ಅದೇ ಮೊದಲು.

ಅವರು ಇರಲಿಲ್ಲ. ಹೆಂಡತಿ ಒಳಗೆ ಕರೆದು ಚಾಪೆ ಹಾಕಿದಳು. ನಡುಮನೆಯಲ್ಲಿ ನಾಲ್ಕು ಪರದೆ. ಗಂಡ ಹೆಂಡಿರಿಗೊಂದು, ಮೂರು ಮಕ್ಕಳಿಗೆ ಒಂದೊಂದು. ಹಗಲು ಹೊತ್ತಲ್ಲವೇ, ಮೇಲಕ್ಕೆ ಸುತ್ತಿ ಹಗ್ಗಕ್ಕೆ ಸಿಕ್ಕಿಸಿದ್ದರು. ನಾನು ಅದನ್ನೇ ನೋಡುತ್ತಿದ್ದೆ. ಆ ಹೆಂಗಸಿಗೆ ಏನು ಗೊತ್ತು ಪಾಪ, ನೀರು ತಂದು ಕೊಡುತ್ತಾ ಹೇಳಿದಳು.

"ನಮ್ಮನೆಯವ್ರು ಪರದೆ ಇಲ್ದೆ ಮಕ್ಕಳನ್ನ ಮಲಗ್ಸಕ್ಕೇ ಬುಡಲ್ಲ ಕಣಮ್ಮ. ಎರಡು ವರ್ಷ ಆಯ್ತು. ಗೋಡೇಗೆ ಹೊಡೆಯೋದ್ರಲ್ಲಿ ಈಗ ಏನೂ ಇಲ್ಲ ಅಂತಾರೆ."

ನೀರು ಕುಡಿದೆ. ಲೋಟ ಕೆಳಗಿಟ್ಟೆ. ಮಾತ್ರೆ ಕೇಳಿದೆ. ಗೂಡಿನಿಂದ ತೆಗೆದು ಕೊಟ್ಟಳು. ಬಸ್ಸು ಹತ್ತಿದೆ.

ಮಾತ್ರೆಯಿಂದ ಜ್ವರ ನಿಂತಿತು. ಮಗಳು ಉಳಿದಳು. ಕೂಸು ಉಳಿಯಲಿಲ್ಲ. ಎಂಟು ತಿಂಗಳಿಗೆ ಹೆರಿಗೆಯಾಯಿತು, ಅಳಲಿಲ್ಲ. ಗಂಡು. ತೋಟದ ಮೂಲೆಯಲ್ಲಿ ಮಣ್ಣು ಮಾಡಿದೆವು. ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಊರಿನಲ್ಲಿ ಜ್ವರ ಮತ್ತೆ ಹೆಚ್ಚಿದ್ದರಿಂದ ತಿಂಗಳೊಳಗೆ ಜೀಪಿನಲ್ಲಿ ದೊಡ್ಡ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ಚಾವಡಿಯ ಮುಂದೆ ಕುರ್ಚಿ ಹಾಕಿಸಿ, ಹೀಗೆ ಯಾಕಾಯಿತು ಅಂತ ಒಂದು ಕಾಗದ ಓದಿದರು. ಈ ಊರಿನ ಅಟ್ಟಗಳಲ್ಲಿ ತೆಂಗಿನಕಾಯಿ ತುಂಬಿದ್ದು, ಇಳಿಸಲು ಮನೆಯವರು ಒಪ್ಪದ ಕಾರಣ ಔಷಧಿ ಪೂರ್ತಿ ಸಿಂಪಡಿಸಲಾಗಿಲ್ಲ ಅಂತ. ಕೆಳಗೆ ಸಹಿ ಯಾರದ್ದು ಅಂತ ಸಿದ್ದಮ್ಮ ಕೇಳಿದಳು. ಅಧಿಕಾರಿ ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಸೈಕಲ್ಲಿನ ಪೆಟ್ಟಿಗೆಯ ಕಡೆ ನೋಡಿದರು.

ನಾನು ಎದ್ದು, ಬನ್ನಿ ಸ್ವಾಮಿ, ನಮ್ಮ ಅಟ್ಟ ನೋಡಿ ಅಂತ ಅಧಿಕಾರಿಯನ್ನು ಕರೆದುಕೊಂಡು ಹೋದೆ. ಏಣಿ ಹತ್ತಿ ನೋಡಿದರು. ಒಂದು ಕಾಯಿ ಇಲ್ಲ. ಹಲಗೆಯ ಮೇಲೆಲ್ಲ ಬಿಳಿ ಪುಡಿ. ಅದೇ ಹಲಗೆಯ ಅಂಚಿನಲ್ಲಿ, ಓರೆ ಮೊಳೆಯ ಹಾಗೆ, ಹೊಟ್ಟೆ ಕೆಂಪಗಾಗಿ ಎರಡು ಸೊಳ್ಳೆ ಕೂತಿದ್ದವು. ನಾನು ಬೆರಳು ಮಾಡಿ ತೋರಿಸಿದೆ. ಅಧಿಕಾರಿ ಕೈ ಕೊಡವಿಕೊಂಡು ಇಳಿದು, ಇದೊಂದು ಮನೆ ಇಳಿಸಿರಬಹುದಮ್ಮ ಅಂದರು. ಜೀಪು ಹೊರಟುಹೋಯಿತು.

ಮೇಷ್ಟ್ರು ಹೋಗಲಿಲ್ಲ. ಕೊಟ್ಟಿಗೆಯ ಬಾಗಿಲಿಗೆ ಬಂದು ಕೆಮ್ಮಿದರು.

"ಗೊತ್ತಿತ್ತಾ?" ಅಂದೆ.

"ಗೊತ್ತಿತ್ತು ಕಣಮ್ಮ."

"ಯಾವಾಗಿಂದ?"

"ಕೊಳವೆ ಇಲ್ಲಿ ಇಡೋದ ಬುಟ್ಟೆನಲ್ಲ, ಆವಾಗಿಂದ. ಕಾಗದ ಹಳೇದಲ್ಲ. ಹೊಸಾದೇ ತರ್ಸಿ ಮೂರು ಸಲ ನೋಡ್ದೆ. ಅರ್ಧಕ್ಕರ್ಧ ಸಾಯ್ಲಿಲ್ಲ."

ಎರಡು ಸಲ ಮೇಲಿನವರಿಗೆ ಹಾಗೆಂದೇ ಬರೆದು ಕಳಿಸಿದರಂತೆ. ನಿನಗೆ ಪರೀಕ್ಷೆ ಮಾಡಲು ಬರುವುದಿಲ್ಲ ಅಂತ ಎರಡು ಸಲವೂ ಕಾಗದ ವಾಪಸು ಬಂತಂತೆ. ಮೂರನೇ ಸಲ ಮೇಲಿನವರಿಗೆ ಬೇಕಾದದ್ದನ್ನು ಬರೆದರಂತೆ. ಬೇರೆ ಔಷಧಿ ಬರುವವರೆಗೆ ಹೀಗೇ ನಡೆಯಲಿ ಅಂದುಕೊಂಡರಂತೆ. ನಿಮ್ಮ ಮನೆಯಲ್ಲೇ ಪರದೆ ಕಟ್ಟಿದರೆ ಬೀದಿಯಲ್ಲಿ ಯಾರೂ ಅಟ್ಟ ಇಳಿಸುವುದಿಲ್ಲ, ಪಂಪಿನವರನ್ನು ಬಾಗಿಲಲ್ಲೇ ತಡೆಯುತ್ತಾರೆ, ಆಮೇಲೆ ತಾನು ಏನು ಉತ್ತರ ಕೊಡುವುದು ಅನ್ನಿಸಿತಂತೆ. ಎಲ್ಲ ಹೇಳಿದರು. ಆವತ್ತು ಪೈಪಿನ ತುದಿಯನ್ನು ಒರೆಸಲೇ ಇಲ್ಲ.

"ಸೊಳ್ಳೆ ನಿಮ್ಗೆ ನಿಜ ಹೇಳ್ತು ಮೇಷ್ಟ್ರೇ" ಅಂದೆ. "ನೀವು ನಂಗೆ ಹೇಳ್ಲಿಲ್ಲ. ಅದೇ ನಿಮ್ ಹೆಂಡ್ರಿಗೆ ಹೇಳಿದ್ರಿ."

 ನಾನು ಕಾಫಿ ಕೊಡಲಿಲ್ಲ. ಅವರು ಸೈಕಲ್ಲು ತಳ್ಳಿಕೊಂಡೇ ಹೋದರು, ಹತ್ತಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹಾಲು ಕರೆದು, ಮಗಳಿಗೆ ಕಷಾಯ ಕೊಟ್ಟು, ಪರದೆ ತರಲು ಯಜಮಾನರನ್ನು ಮೊದಲ ಬಸ್ಸಿಗೇ ತಿಪಟೂರಿಗೆ ಕಳಿಸಿದೆ. ಆಮೇಲೆ ಅಟ್ಟಕ್ಕೆ ಏಣಿ ಹಾಕಿದೆ. ಬಿಳಿ ಪುಡಿಯನ್ನು ಗುಡಿಸಿ ಒಲೆಯ ಬೂದಿಯ ಗುಂಡಿಗೆ ಹಾಕಿ, ಒದ್ದೆ ಬಟ್ಟೆಯಿಂದ ಹಲಗೆ ಒರೆಸಿ, ತೋಟದ ಗುಡಿಸಲಲ್ಲಿದ್ದ ಕಾಯಿಯನ್ನೆಲ್ಲ ಹೊರಿಸಿಕೊಂಡು ಬಂದೆ. ಸಿದ್ದಮ್ಮ ತಾನಾಗಿ ಬಂದು ಕೆಳಗೆ ನಿಂತು ಒಂದೊಂದೇ ಎತ್ತಿ ಕೊಟ್ಟಳು. ನಾನು ಮೇಲೆ ಕೂತು ಜೋಡಿಸಿದೆ. ಅರ್ಧ ಅಟ್ಟ ತುಂಬಿದಾಗ ಅವಳು ಕೈ ತಡೆದು, ಪಂಪಿನವರು ಮತ್ತೆ ಬಂದರೆ ಏನಕ್ಕಾ ಹೇಳುತ್ತೀಯ ಅಂದಳು.

"ಅಟ್ಟದ ತುಂಬ ಕಾಯಿ ಐತೆ ಅಂತ ಅವರೇ ಬರ್ಕೊಂಡವ್ರೆ ಕಣೇ" ಅಂದೆ. "ಕೊಡು ಇತ್ಲಾಗೆ."